ಐತಿಹಾಸಿಕ ಕಾದಂಬರಿಯಲ್ಲಿ ಸ್ಥಳ ಮತ್ತು ಸ್ತ್ರೀಸಲಿಂಗಪ್ರೇಮ

ಐತಿಹಾಸಿಕ ಕಾದಂಬರಿಕಾರನು ಪಾತ್ರಗಳನ್ನು ಸೃಷ್ಟಿಸುವುದಕ್ಕೆ ಮೊದಲು ಅವು ನಿಲ್ಲಲು ನೆಲವನ್ನು ಕಂಡುಕೊಳ್ಳಬೇಕಾಗುತ್ತದೆ. ಸ್ತ್ರೀಯನ್ನು ಪ್ರೀತಿಸಿದ ಸ್ತ್ರೀಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಶಾಸನವು ದಾನವನ್ನೂ ಗಡಿಯನ್ನೂ ವಂಶವನ್ನೂ ಹೇಳುತ್ತದೆ. ಹೃದಯವನ್ನು ಹೇಳುವುದು ಅದರ ಕೆಲಸವಲ್ಲ. ಹೀಗಿರಲು ಅಂತಹ ಬದುಕನ್ನು ಗತಕಾಲದಲ್ಲಿ ಚಿತ್ರಿಸುವುದು ನ್ಯಾಯವೇ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ವೇಲ್ಸ್ ಮೂಲದ ಸಾರಾ ವಾಟರ್ಸ್ ಈ ತೊಡಕನ್ನು ಸ್ಥಳದ ಮೂಲಕವೇ ಬಿಡಿಸಿದರು. ವಿಕ್ಟೋರಿಯಾ ರಾಣಿಯ ಕಾಲವನ್ನು ಕುರಿತ ಅವರ ‘ಟಿಪ್ಪಿಂಗ್ ದ ವೆಲ್ವೆಟ್’ (1998) ರಂಗಶಾಲೆಗೆ ಕರೆದೊಯ್ಯುತ್ತದೆ. ಅಲ್ಲಿ ಹೆಣ್ಣು ಗಂಡುವೇಷವನ್ನು ಧರಿಸಿ ಹಾಡಬಹುದು. ‘ಅಫಿನಿಟಿ’ (1999) ಮಿಲ್‌ಬ್ಯಾಂಕ್ ಸೆರೆಮನೆಯನ್ನು ಆರಿಸಿಕೊಂಡಿದೆ. ಅಲ್ಲಿ ಪ್ರೇಮಕ್ಕೆ ಸದಾ ಕಾವಲು. ಸ್ಥಳವು ಬದಲಾದಂತೆ ಪ್ರೇಮದ ರೂಪವೂ ಬದಲಾಗುತ್ತದೆ.

ನಮ್ಮಲ್ಲಿ ಇದಕ್ಕೆ ಸಮಾನವಾದ ಸ್ಥಳವೆಂದರೆ ಅಂತಃಪುರ. ಅಲ್ಲಿಯ ಸ್ತ್ರೀಯರು ತಮ್ಮೊಳಗೊಬ್ಬಳಿಗೆ ಪುರುಷವೇಷವನ್ನು ತೊಡಿಸಿ ಸುಖಪಡುವುದನ್ನು ವಾತ್ಸ್ಯಾಯನನೇ ಕಾಮಸೂತ್ರದಲ್ಲಿ ಹೇಳಿದ್ದಾನೆ. ಆದರೆ ಪುರುಷರ ಅಭಾವವೇ ಇದಕ್ಕೆ ಕಾರಣವೆಂಬುದು ಅವನ ಮತ. ಈ ವಿವರಣೆಯನ್ನು ಕಾದಂಬರಿಕಾರನು ಹಾಗೆಯೇ ಒಪ್ಪಬೇಕಾಗಿಲ್ಲ. ಅಚ್ಯುತರಾಯನ ಕಾಲದಲ್ಲಿ ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸ್ ವರ್ತಕ ನೂನಿಜ್, ಅರಮನೆಯೊಳಗೆ ಲೆಕ್ಕ ಬರೆಯುವ, ಕುಸ್ತಿಯಾಡುವ, ಜ್ಯೋತಿಷ್ಯ ಹೇಳುವ ಹೆಂಗಸರಿದ್ದರೆಂದು ತಿಳಿಸುತ್ತಾನೆ. ಅಂತಃಪುರವು ಕೇವಲ ಕಾಯುವ ರಾಣಿಯರ ಮನೆಯಲ್ಲ, ಹೆಂಗಸರು ದುಡಿಯುವ ಒಂದು ಲೋಕ ಎಂಬುದು ಇದರಿಂದ ಸ್ಪಷ್ಟ. ಆದರೂ ಎಚ್ಚರವಿರಬೇಕು: ಹಂಪೆಯ ‘ಜನಾನಾ ಆವರಣ’ ಎಂಬ ಹೆಸರು ಈಚಿನದು, ಹೆಸರನ್ನೇ ಆಧಾರವೆಂದು ಭಾವಿಸಬಾರದು.

ವ್ಯಕ್ತಿಗೆ ಕೊಡುವ ಹೆಸರಿಗೂ ಇದೇ ಎಚ್ಚರವು ಸಲ್ಲುತ್ತದೆ. ಕವಯಿತ್ರಿ ಸ್ಯಾಫೋಳ ಲೆಸ್ಬೋಸ್ ದ್ವೀಪದಿಂದ ಬಂದ ‘ಲೆಸ್ಬಿಯನ್’ ಎಂಬ ಮಾತು, ಒಂದು ಬಗೆಯ ವ್ಯಕ್ತಿಯ ಹೆಸರಾಗಿ ರೂಢಿಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಈಚೆಗೆ. ಪ್ರೇಮವು ಹಳೆಯದು, ಹೆಸರು ಹೊಸದು.

ಬಳ್ಳಾರಿ ಸೀಮೆಗೆ ಈ ವಿಚಾರವು ದೂರದ್ದಲ್ಲ. ಸಂಡೂರಿನ ವಸುಧೇಂದ್ರರು ‘ಮೋಹನಸ್ವಾಮಿ’ಯಲ್ಲಿ (2013) ಪುರುಷರ ಸಲಿಂಗಪ್ರೇಮವನ್ನೂ ‘ತೇಜೋ ತುಂಗಭದ್ರಾ’ದಲ್ಲಿ (2019) ವಿಜಯನಗರದ ಕಾಲವನ್ನೂ ಚಿತ್ರಿಸಿದ್ದಾರೆ. ಸ್ತ್ರೀಯರ ಕಥೆಗೆ ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಕುರುಗೋಡನ್ನು ನೆಲವಾಗಿ ಎಣಿಸೋಣ. ಬೆಟ್ಟದ ಕೋಟೆ, ಹಳೆಯ ಶಿವಾಲಯಗಳು ಇಂದಿಗೂ ಕಾಣುತ್ತವೆ. ದೇವಾಲಯದ ಸೇವೆಯಲ್ಲಿದ್ದ ಪಾತ್ರದವರನ್ನು ಆ ಕಾಲದ ಕನ್ನಡ ಶಾಸನಗಳು ಹೆಸರಿಸುತ್ತವೆ. ಅಂತಹ ಇಬ್ಬರ ಪ್ರೇಮವನ್ನು ಕಲ್ಪಿಸುವವನು ಕೇಳಬೇಕಾದ ಪ್ರಶ್ನೆಗಳು ಇವು: ಹೊತ್ತು ಮುಳುಗಿದ ಮೇಲೆ ರಂಗಮಂಟಪವು ಯಾರಿಗೆ ತೆರೆದಿರುತ್ತದೆ? ನೀರಿನ ದಾರಿಯಲ್ಲಿ ಯಾರ ಕಣ್ಣಿರುತ್ತದೆ? ಇಬ್ಬರೂ ಒಂದೇ ಮನೆಯಲ್ಲಿರಲು ಯಾರ ಅಪ್ಪಣೆ ಬೇಕು? ಇವಕ್ಕೆ ಉತ್ತರವನ್ನು ಹುಡುಕಿದ ಕಲ್ಪನೆಯು ಇತಿಹಾಸಕ್ಕೆ ದ್ರೋಹವಾಗದು. ಕಲ್ಪನೆಯನ್ನು ಶಾಸನೋಕ್ತವೆಂದು ಸಾರಿದರೆ ಮಾತ್ರ ದ್ರೋಹ.

1860ರ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯುಳ್ಳ ಸಲಿಂಗಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆದರೂ ಈ ಪ್ರೇಮವು ಪರದೇಶದಿಂದ ಬಂದುದೆಂಬ ಮಾತು ನಿಂತಿಲ್ಲ. ಹೊರಗಿನಿಂದ ಬಂದುದು ಆ ಕಲಮು. ಪ್ರೇಮದ ಸುಳಿವು ವಾತ್ಸ್ಯಾಯನನಲ್ಲಿಯೇ ಇದೆ. ದಾಖಲೆಯ ಮೌನವನ್ನು ಅಭಾವವೆಂದು ಓದಬಾರದೆಂಬುದು ಇತಿಹಾಸದ ವಿದ್ಯಾರ್ಥಿಯು ಕಲಿಯಬೇಕಾದ ಮೊದಲ ಪಾಠ. ತರಗತಿಯಲ್ಲಿ ಮೌನವಾಗಿ ಕುಳಿತಿರುವ ಯಾವಳೋ ಒಬ್ಬಳಿಗೆ ಈ ಪಾಠವು ಪರೀಕ್ಷೆಯಾಚೆಗೂ ಬೇಕಾದುದಾಗಿರಬಹುದು.