ಕುದಿಸಿದರೂ ಹೋಗದ ಎರಡು ದೋಷಗಳು: ಹಾಲಿನ ಕಾವಲು ಗೋದಲಿಯಿಂದಲೇ ಆರಂಭವಾಗಲಿ

ಹಾಲು ಚೆನ್ನಾಗಿದೆಯೇ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ಎರಡು ಪರೀಕ್ಷೆಗಳುಂಟು. ಒಲೆಯ ಮೇಲಿಟ್ಟರೆ ಒಡೆಯಬಾರದು; ಹೆಪ್ಪು ಹಾಕಿದರೆ ಗಟ್ಟಿ ಮೊಸರಾಗಬೇಕು. ಹಾಲು ಉತ್ಪಾದಕರ ಸಂಘದಲ್ಲಿ ಜಿಡ್ಡಿನ ಅಂಶ ನೋಡುತ್ತಾರೆ, ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಇಳಿಸುತ್ತಾರೆ. ಇವೆಲ್ಲವನ್ನೂ ದಾಟಿ ಬರುವ ಎರಡು ದೋಷಗಳಿವೆ. ಒಂದು, ದನಕ್ಕೆ ಕೊಟ್ಟ ಆಂಟಿಬಯೋಟಿಕ್ ಔಷಧಿಯ ಶೇಷ. ಇನ್ನೊಂದು, ಬೂಷ್ಟು ಹಿಡಿದ ಹಿಂಡಿ, ಮೇವಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ. ಹಾಲನ್ನು ಎಷ್ಟೇ ಕಾಯಿಸಿದರೂ ಬೂಷ್ಟಿನ ವಿಷ ಹೋಗುವುದಿಲ್ಲ. ಬಹುತೇಕ ಔಷಧಿಗಳೂ ಮನೆಯ ಒಲೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿತು. ನಾವೆಲ್ಲ ಹೆದರುವ ಕಲಬೆರಕೆಯಿಂದ ಅಪಾಯಕಾರಿಯಾದ ಮಾದರಿಗಳು ಕೇವಲ 12. ಆದರೆ 368 ಮಾದರಿಗಳಲ್ಲಿ ಬೂಷ್ಟಿನ ವಿಷವೂ 77 ಮಾದರಿಗಳಲ್ಲಿ ಆಂಟಿಬಯೋಟಿಕ್ ಶೇಷವೂ ಮಿತಿಗಿಂತ ಹೆಚ್ಚಾಗಿದ್ದವು. ಹಾಲಿನಲ್ಲಿ ಬೆರೆಸಿದ್ದಕ್ಕಿಂತ ದನದ ಹೊಟ್ಟೆಯ ಮೂಲಕ ಬಂದದ್ದೇ ದೊಡ್ಡ ಸಮಸ್ಯೆ ಎಂಬುದು ಇದರಿಂದ ಸ್ಪಷ್ಟ.

ಈ ಮಾತು ನಮ್ಮ ಭಾಗದ ಹೈನುಗಾರರಿಗೆ ಇನ್ನಷ್ಟು ಮುಖ್ಯ. ಸೇಡಂ, ಚಿತ್ತಾಪುರ, ಚಿಂಚೋಳಿ ಸುತ್ತಲಿನ ಹಳ್ಳಿಗಳ ಹಾಲೆಲ್ಲ ಡೇರಿಗೆ ಹೋಗುವುದಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯ ಕಾರ್ಮಿಕರ ಮನೆಗಳಿಗೆ, ಶಹಾಬಾದಿನ ಕಲ್ಲುಗಣಿ ಕೆಲಸಗಾರರ ಮನೆಗಳಿಗೆ, ಚಹಾ ಅಂಗಡಿಗಳಿಗೆ ನೇರವಾಗಿ ವರ್ತನೆಯ ಹಾಲಾಗಿಯೂ ಹೋಗುತ್ತದೆ. ಡೇರಿಯ ಹಾಲನ್ನು ಪ್ರಯೋಗಾಲಯದಲ್ಲಿ ತಪಾಸಣೆ ಮಾಡಬಹುದು. ವರ್ತನೆಯ ಹಾಲು ಕರೆದ ಒಂದೆರಡು ಗಂಟೆಯಲ್ಲಿ ಕೂಸಿನ ಬಟ್ಟಲು ಸೇರಿರುತ್ತದೆ. ಅದನ್ನು ಕಾಯುವವರು ನೀವೊಬ್ಬರೇ.

ಬೂಷ್ಟು ಹಾಲಿಗೆ ಇಳಿಯುವ ಬಗೆ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ತಾನ ಮತ್ತು ಗುಜರಾತಿನ ಬುಡಕಟ್ಟು ಜನರ ಹಳ್ಳಿಗಳಲ್ಲಿ, ಮಳೆಗೆ ನೆನೆದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ರೋಗದಿಂದ ಸತ್ತರು. ಎರಡಕ್ಕೂ ಮೂಲ ಅಫ್ಲಾಟಾಕ್ಸಿನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ.

ಹಿಂಡಿಯಲ್ಲಿನ ವಿಷ ಆಕಳ ಯಕೃತ್ತಿನಲ್ಲಿ ರೂಪ ಬದಲಿಸಿ, ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ತಿಂದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಹಾಲಿಗೆ ಇಳಿಯುತ್ತದೆ. ಕಡಿಮೆ ಎನ್ನಬೇಡಿ. ಕಾನೂನಿನ ಮಿತಿ ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ ಮಾತ್ರ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 8 ಲೀಟರ್ ಕೊಡುವ ಆಕಳಿಗೆ 2 ಕಿಲೋ ಹಿಂಡಿ ಹಾಕುತ್ತೀರಿ. ಆ ಹಿಂಡಿಯಲ್ಲಿ ಕಿಲೋಗೆ 100 ಮೈಕ್ರೋಗ್ರಾಂ ವಿಷವಿದ್ದರೆ ಆಕಳು ತಿಂದದ್ದು 200. ನೂರಕ್ಕೆ ಎರಡರಂತೆ 4 ಮೈಕ್ರೋಗ್ರಾಂ ಹಾಲಿಗೆ ಬಂತು. 8 ಲೀಟರಿಗೆ ಹಂಚಿದರೆ ಲೀಟರಿಗೆ ಅರ್ಧ. ಅಲ್ಲಿಗೆ ಮಿತಿ ಮುಟ್ಟಿತು. ಸಿದ್ಧ ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆ ಕಿಲೋಗೆ 20 ಮೈಕ್ರೋಗ್ರಾಂ ಎಂದು ಮಿತಿ ಇಟ್ಟಿರುವುದು ಈ ಕಾರಣಕ್ಕೇ.

ಸಮಾಧಾನದ ಸಂಗತಿಯೂ ಉಂಟು. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲಿನ ವಿಷ ಬಹುಮಟ್ಟಿಗೆ ಇಳಿದುಹೋಗುತ್ತದೆ.

ಹಿಂಡಿ, ಕಣಕಿಯ ರಕ್ಷಣೆ

ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಗೋವಿನಜೋಳದ ನುಚ್ಚು ಇವಕ್ಕೆ ಬೂಷ್ಟಿನ ಭಯ ಹೆಚ್ಚು. ಮಳೆಗಾಲದ ತೇವ ಮತ್ತು ನಮ್ಮ ಸೆಕೆ ಸೇರಿದರೆ ಬೂಷ್ಟಿಗೆ ಹಬ್ಬ. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿದ್ದನ್ನು ನೀವು ಮರೆತಿರಲಾರಿರಿ. ಅಂಥ ಮಳೆಯಲ್ಲಿ ನೆನೆದ ಬಣವೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಬಿಸಿಯೇರಿ ಬೂಷ್ಟು ಹಿಡಿದಿರುತ್ತದೆ.

ಹಿಂಡಿಯನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿರಿ. ಚೀಲಗಳನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿರಿ. ಮೊದಲು ತಂದದ್ದನ್ನು ಮೊದಲು ಖರ್ಚು ಮಾಡಿರಿ. ಕೊಳ್ಳುವಾಗ ಒಂದು ತುಂಡು ಮುರಿದು ನೋಡಿರಿ: ಹಸಿರು, ಹಳದಿ ಅಥವಾ ಕಪ್ಪು ಪುಡಿ, ಮುಗ್ಗಲು ವಾಸನೆ, ಗಂಟುಗಟ್ಟಿದ ಹೆಂಟೆ ಇದ್ದರೆ ಬೇಡವೆನ್ನಿರಿ. ರಾತ್ರಿ ನೆನೆಸಿಟ್ಟ ಹಿಂಡಿ ಮಿಕ್ಕರೆ ಮರುದಿನಕ್ಕೆ ಇಡಬೇಡಿರಿ. ಗೋದಲಿಯನ್ನು ದಿನವೂ ಬಳಿದು ಒಣಗಿಸಿರಿ.

ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುವ ರೂಢಿ ಹಲವೆಡೆ ಇದೆ. ಬಿಸಿಲು ಹೊಸ ಬೂಷ್ಟನ್ನು ತಡೆದೀತು. ಆಗಲೇ ಆಗಿರುವ ವಿಷವನ್ನು ತೆಗೆಯಲಾರದು. ಒಳ್ಳೆಯ ಹಿಂಡಿಯೊಡನೆ ಬೆರೆಸುವುದೂ, ಎತ್ತು ಕರುಗಳಿಗೆ ಹಾಕುವುದೂ ಸಲ್ಲದು. ಅದರ ಜಾಗ ತಿಪ್ಪೆ.

ಸೂಜಿ ಹಾಕಿಸಿದ ಮೇಲೆ

ಆಂಟಿಬಯೋಟಿಕ್ ಶೇಷಕ್ಕೆ ದೊಡ್ಡ ಕಾರಣ ಕೆಚ್ಚಲು ಬಾವಿನ ಚಿಕಿತ್ಸೆ. ಇಂಥ ಹಾಲು ಕುಡಿದರೆ ಪೆನಿಸಿಲಿನ್ ಒಗ್ಗದವರಿಗೆ ತೊಂದರೆಯಾಗಬಹುದು. ಅದಕ್ಕಿಂತ ದೊಡ್ಡ ಭಯವೆಂದರೆ, ದಿನವೂ ಚೂರು ಚೂರು ಔಷಧಿ ಕಂಡ ರೋಗಾಣುಗಳು ಅದಕ್ಕೆ ಬಗ್ಗದಂತಾಗುವುದು. ನಾಳೆ ನಿಮ್ಮ ಮಗುವಿಗೇ ಆ ಔಷಧಿ ಬೇಕಾದಾಗ ಅದು ನಾಟದೆ ಹೋಗಬಹುದು.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಲೇಬಲ್ಲಿನ ಮೇಲೆ ಮುದ್ರಿಸಬೇಕೆಂದು 2012ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಆ ಔಷಧಿಗೆ ಅವಧಿ ಗೊತ್ತುಮಾಡಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ. ವೈದ್ಯರು ಸೂಜಿ ಹಾಕಿದ ಕೂಡಲೇ "ಹಾಲು ಎಷ್ಟು ದಿನ ಬಿಡಬೇಕು, ಸಾಹೇಬ್ರ?" ಎಂದು ಕೇಳಿರಿ. ಉತ್ತರವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ತಾರೀಖು ಸಹಿತ ಬರೆಯಿರಿ. ಆಕಳ ಕಾಲಿಗೆ ಕೆಂಪು ಬಟ್ಟೆ ಕಟ್ಟಿರಿ. ಮನೆಯವರು ಬೇರೆ ಯಾರೇ ಕರೆಯಲು ಕೂತರೂ ಗೊತ್ತಾಗಬೇಕು. ಅದನ್ನು ಕೊನೆಗೆ, ಬೇರೆ ಪಾತ್ರೆಯಲ್ಲಿ ಕರೆದು ಚೆಲ್ಲಿರಿ. ಒಂದೇ ಮೊಲೆಗೆ ಔಷಧಿ ಏರಿಸಿದ್ದರೂ ರಕ್ತದ ಮೂಲಕ ಉಳಿದ ಮೊಲೆಗಳಿಗೂ ಅದು ಹೋಗುವುದರಿಂದ ನಾಲ್ಕೂ ಮೊಲೆಯ ಹಾಲು ಬಿಡಬೇಕು. ಕರುವಿಗೂ ಅದನ್ನು ಕುಡಿಸಬೇಡಿರಿ.

ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೆ ಔಷಧಿಯ ಶೇಷ ಹೆಪ್ಪಿನ ಜೀವಾಣುಗಳನ್ನು ತಡೆದಿರಬಹುದೆಂದು ಸಂಶಯಪಡಬೇಕು. ಆದರೆ ಮೊಸರಾಯಿತೆಂದ ಮಾತ್ರಕ್ಕೆ ಶೇಷವಿಲ್ಲವೆಂದು ತಿಳಿಯಬಾರದು.

ಏಳು ದಿನದ ಹಾಲು ಎಂದರೆ 8 ಲೀಟರಿನ ಆಕಳಿಗೆ 56 ಲೀಟರ್ ನಷ್ಟ. ಇದು ಚಿಕ್ಕ ಮಾತಲ್ಲ. ಹಾಗೆಂದು ಆ ಹಾಲನ್ನು ಕ್ಯಾನಿಗೆ ಸುರಿದರೆ ಊರ ಎಲ್ಲರ ಹಾಲೂ ಕೆಡುತ್ತದೆ. ನಷ್ಟ ತಪ್ಪಿಸುವ ದಾರಿ ಒಂದೇ: ಕೆಚ್ಚಲು ಬಾವು ಬಾರದಂತೆ ನೋಡುವುದು. ಕೊಟ್ಟಿಗೆಯ ನೆಲ ಒಣಗಿರಲಿ. ಕರೆಯುವ ಮುನ್ನ ಕೆಚ್ಚಲು ತೊಳೆದು ಒರೆಸಿರಿ. ಮೊದಲ ನಾಲ್ಕು ಧಾರೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿರಿ; ಗರಣೆ ಕಂಡರೆ ಅದೇ ಬಾವಿನ ಮೊದಲ ಸುಳಿವು. ಕರೆದ ಮೇಲೆ ಅರ್ಧ ಗಂಟೆ ದನ ಮಲಗದಂತೆ ಮುಂದೆ ಮೇವು ಹಾಕಿರಿ.

ಬಾವಿನ ಆರಂಭದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳುವ ಮನೆಮದ್ದು ಉಂಟು. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ ಸೇರಿಸಿ ಅರೆದು, ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕಲಸಿ, ಹಾಲು ಪೂರ್ತಿ ಹಿಂಡಿ ತೆಗೆದ ಕೆಚ್ಚಲಿಗೆ ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚಬೇಕು. ಜ್ವರ ಬಂದರೆ, ಹಾಲಿನಲ್ಲಿ ರಕ್ತ ಕಂಡರೆ ಕಾಯಬೇಡಿರಿ, ಪಶುವೈದ್ಯರನ್ನು ಕರೆಯಿರಿ. ಅಂಗಡಿಯಿಂದ ನೀವೇ ಸೂಜಿ ತಂದು ಚುಚ್ಚಬೇಡಿರಿ. ವೈದ್ಯರು ಹೇಳಿದ ಚಿಕಿತ್ಸೆಯನ್ನು ನಡುವೆ ಬಿಡಬೇಡಿರಿ.

ಹೆಚ್ಚಿನ ವಿವರಗಳಿಗೆ ಸಮೀಪದ ಪಶು ಆಸ್ಪತ್ರೆ ಇಲ್ಲವೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು. ಪಶು ಚಿಕಿತ್ಸೆಯ ಸಹಾಯವಾಣಿ 1962. ಈ ವಾರ ಮಾಡಬೇಕಾದ ಮೊದಲ ಕೆಲಸವೆಂದರೆ ಮೂಲೆಯ ಹಿಂಡಿ ಚೀಲ ಬಿಚ್ಚಿ, ತಳದ ಹಿಂಡಿ ಹೊರತೆಗೆದು ಮೂಸಿ ನೋಡುವುದು.