ಬೆಳಕಿನ ಜರಡಿ, ಅಂಕಿಗಳ ಜರಡಿ

ಫಿಲ್ಟರ್ ಎಂದೊಡನೆ ಹಳೆ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಕಾಫಿ. ಹಿತ್ತಾಳೆಯ ಪಾತ್ರೆಯ ಮೇಲ್ಭಾಗದಲ್ಲಿ ಪುಡಿ, ಕೆಳಗೆ ತೊಟ್ಟಿಕ್ಕುವ ಡಿಕಾಕ್ಷನ್. ಇಂದಿನ ಹುಡುಗ ಹುಡುಗಿಯರಿಗೆ ಅದೇ ಮಾತು ಬೇರೊಂದನ್ನು ನೆನಪಿಗೆ ತರುತ್ತದೆ. ಮೊಬೈಲ್ ಫೋನಿನ ಪರದೆಯ ಮೇಲೆ ಒಮ್ಮೆ ಬೆರಳಾಡಿಸಿದರೆ ಸಾಕು, ಮುಖದ ಬಣ್ಣ ತಿಳಿಯಾಗುತ್ತದೆ, ಮೊಡವೆ ಮಾಯವಾಗುತ್ತದೆ, ನಡುಮಧ್ಯಾಹ್ನದ ಬಿಸಿಲು ಸಂಜೆಯ ಹೊಂಬಿಸಿಲಾಗುತ್ತದೆ. ಎರಡಕ್ಕೂ ಒಂದೇ ಹೆಸರು ಬಂದದ್ದು ಆಕಸ್ಮಿಕವಲ್ಲ. ಎರಡೂ ಸೋಸುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ಯಾರೋ ಮೊದಲೇ ನಿಶ್ಚಯಿಸಿರುತ್ತಾರೆ. ಕಾಫಿಯಲ್ಲಿ ತಡೆಹಿಡಿದ ಚರಟ ನಮ್ಮ ಕಣ್ಣಿಗೆ ಕಾಣುತ್ತದೆ. ಚಿತ್ರದಲ್ಲಿ ತಡೆಹಿಡಿದದ್ದು ಏನೆಂದು ಮಾತ್ರ ಸುಲಭವಾಗಿ ತಿಳಿಯುವುದಿಲ್ಲ.

ಛಾಯಾಗ್ರಹಣದಲ್ಲಿ ಫಿಲ್ಟರ್ ಎಂದರೆ ಮೊದಲಿಗೆ ಬಣ್ಣದ ಗಾಜು. ಹತ್ತೊಂಬತ್ತನೆಯ ಶತಮಾನದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು, ಕೆಂಪಿಗೆ ಹೆಚ್ಚುಕಡಿಮೆ ಕುರುಡಾಗಿದ್ದವು. ಆ ಕಾಲದ ಚಿತ್ರಗಳಲ್ಲಿ ಆಕಾಶವೆಲ್ಲ ಮೋಡವಿಲ್ಲದ ಬೋಳು ಬಿಳುಪಾಗಿರುವುದೂ, ಹಣೆಯ ಕುಂಕುಮ ಕಾಡಿಗೆಯಂತೆ ಕಪ್ಪಾಗಿರುವುದೂ ಇದರಿಂದಲೇ. ಎಲ್ಲ ಬಣ್ಣಗಳನ್ನೂ ಗುರುತಿಸುವ ಪ್ಲೇಟು ಮತ್ತು ಫಿಲ್ಮು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಮಸೂರದ ಮುಂದೆ ಹಳದಿ ಗಾಜಿಟ್ಟು ನೀಲಿಯನ್ನು ಹದ್ದಿನಲ್ಲಿಡುವ ರೂಢಿ ಬೆಳೆಯಿತು. ಅಮೆರಿಕದ ಆನ್ಸೆಲ್ ಆಡಮ್ಸ್ 1927ರಲ್ಲಿ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಗಾಜಿನಲ್ಲಿ ತೆಗೆದರು. ಮನಸ್ಸಿಗೆ ಹಿಡಿಸಲಿಲ್ಲ. ಕೈಯಲ್ಲಿದ್ದ ಕೊನೆಯ ಪ್ಲೇಟಿಗೆ ಗಾಢ ಕೆಂಪು ಗಾಜು ಹಾಕಿದರು. ನೀಲಿ ಆಕಾಶ ಕಪ್ಪಾಗಿ, ಅದರೆದುರು ಬಂಡೆ ಎದೆ ನಡುಗಿಸುವಂತೆ ಎದ್ದು ನಿಂತಿತು. ಅಲ್ಲಿ ನಿಂತವರ ಕಣ್ಣಿಗೆ ಆಕಾಶ ಹಾಗೆ ಕಂಡಿರಲಾರದು, ಆದರೂ ಆ ಚಿತ್ರವನ್ನು ಯಾರೂ ಸುಳ್ಳೆನ್ನಲಿಲ್ಲ.

ನಮ್ಮ ಊರೂರಿನ ಸ್ಟುಡಿಯೊಗಳಲ್ಲಿ ಇದೇ ಕೆಲಸಕ್ಕೆ ಟಚಿಂಗ್ ಎಂದು ಹೆಸರಿತ್ತು. ನೆಗೆಟಿವ್‌ಗೆ ತೆಳುವಾಗಿ ಅರಗಿನ ದ್ರಾವಣ ಸವರಿ, ಹಿಂದಿನಿಂದ ಬೆಳಕು ಬೀಳುವ ಓರೆ ಮೇಜಿನ ಮೇಲಿಟ್ಟು, ಸೂಜಿಯಂತೆ ಹರಿತ ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬಿಳುಪಾಗುವುದರಿಂದ ಸುಕ್ಕು, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವೂ ಮರೆಯಾಗುತ್ತಿದ್ದವು. ವರನ ಕಡೆಯವರಿಗೆ ಕಳಿಸುವ ಫೋಟೋವಾದರೆ ಚುಕ್ಕೆಗಳು ಇನ್ನಷ್ಟು ಉದಾರವಾಗುತ್ತಿದ್ದವು ಎಂದು ಬೇರೆ ಹೇಳಬೇಕಿಲ್ಲ.

ಬೆಳಕನ್ನು ಸೋಸುವ ಗಾಜಿನ ಜಾಗಕ್ಕೆ ಅಂಕಿಗಳನ್ನು ಸೋಸುವ ಲೆಕ್ಕ ಬಂದದ್ದು ಹೇಗೆ? 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ರಸೆಲ್ ಕರ್ಷ್ ತಮ್ಮ ಹಸುಗೂಸಿನ ಭಾವಚಿತ್ರವನ್ನು ಕಂಪ್ಯೂಟರಿಗೆ ಊಡಿಸಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಬಿಂದುಗಳು, ಒಟ್ಟು 30,976. ಕಂಪ್ಯೂಟರ್ ಹೊಕ್ಕ ಮೊದಲ ಛಾಯಾಚಿತ್ರವೆಂದು ಅದನ್ನು ಗುರುತಿಸುತ್ತಾರೆ. 1964ರಲ್ಲಿ ರೇಂಜರ್-7 ನೌಕೆ ಚಂದ್ರನಿಗೆ ಅಪ್ಪಳಿಸುವ ಮುನ್ನ ಕಳಿಸಿದ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಟಿವಿ ಕ್ಯಾಮೆರದಿಂದಾದ ಓರೆಕೋರೆಗಳನ್ನು ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಕಂಪ್ಯೂಟರಿನಿಂದಲೇ ತಿದ್ದಿತು. ಇಂದು ಮದುವೆ ಮನೆಯ ಫೋಟೋಗಳನ್ನು ತಿದ್ದುವ ವಿದ್ಯೆಯ ಬೇರು ಚಂದ್ರಲೋಕದ ಕುಳಿಗಳಲ್ಲಿದೆ ಎಂದರೂ ತಪ್ಪಾಗದು.

ಡಿಜಿಟಲ್ ಚಿತ್ರವೆಂದರೆ ಚದುರಂಗದ ಹಾಸಿನಂತೆ ಮನೆ ಮನೆಯಾಗಿ ಬರೆದಿಟ್ಟ ಅಂಕಿಗಳು. ಕಪ್ಪು ಬಿಳುಪಿನ ಚಿತ್ರದಲ್ಲಿ ಮನೆಗೊಂದು ಅಂಕಿ: ಸಾಮಾನ್ಯವಾಗಿ 0 ಎಂದರೆ ಕಗ್ಗತ್ತಲು, 255 ಎಂದರೆ ಅಚ್ಚ ಬಿಳುಪು. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮನೆಗೆ ಮೂರು ಅಂಕಿಗಳು. ಇಷ್ಟರಿಂದಲೇ ಸುಮಾರು 1 ಕೋಟಿ 67 ಲಕ್ಷ ಬಣ್ಣಗಳು ಸಾಧ್ಯ. ಫಿಲ್ಟರ್ ತಂತ್ರಾಂಶ ಮಾಡುವುದು ಈ ಅಂಕಿಗಳ ಮೇಲೆ ಕೂಡು-ಕಳೆ ಲೆಕ್ಕ, ಅಷ್ಟೇ. ಕೆಂಪಿನ ಅಂಕಿಯನ್ನು ತುಸು ಏರಿಸಿ ನೀಲಿಯನ್ನು ಇಳಿಸಿದರೆ ಹೊಂಬಿಸಿಲು. ತಿರುವುಮುರುವು ಮಾಡಿದರೆ ಬೆಳದಿಂಗಳು.

ಇದಕ್ಕಿಂತ ಸ್ವಾರಸ್ಯವಾದದ್ದು ಅಕ್ಕಪಕ್ಕದ ಮನೆಯವರನ್ನು ಕೇಳಿ ನಡೆಯುವ ಲೆಕ್ಕ. ಒಂದು ಸಾಲಿನಲ್ಲಿ 50, 50, 50, 200, 200, 200 ಎಂಬ ಅಂಕಿಗಳಿವೆ ಎನ್ನಿ. ಕಪ್ಪು ಕೂದಲು ಮುಗಿದು ಹಣೆ ಶುರುವಾಗುವ ಗೆರೆ ಅದು. ಪ್ರತಿ ಅಂಕಿಯ ಬದಲಿಗೆ ಅದರದೂ ಎಡಬಲದ ನೆರೆಯವರದೂ ಸರಾಸರಿಯನ್ನು ಬರೆಯೋಣ. ಸಾಲು 50, 50, 100, 150, 200, 200 ಆಗುತ್ತದೆ. ಥಟ್ಟನೆ ಇದ್ದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕರಗಿತು; ಚಿತ್ರ ಮಸುಕಾಯಿತು. ಬ್ಲರ್ ಎಂದು ಕರೆಯುವುದು ಇದನ್ನೇ. ಹತ್ತಿರದ ನೆರೆಯವರ ಮಾತಿಗೆ ಹೆಚ್ಚು ತೂಕ, ದೂರದವರದಕ್ಕೆ ಕಡಿಮೆ ತೂಕ ಕೊಟ್ಟರೆ ಗಣಿತಜ್ಞ ಗೌಸ್‌ನ ಹೆಸರು ಹೊತ್ತ ಬ್ಲರ್ ಸಿಗುತ್ತದೆ.

ಈಗ ಒಂದು ತಮಾಷೆ. ಚಿತ್ರವನ್ನು ಸ್ಫುಟಗೊಳಿಸಲು ಮೊದಲು ಅದನ್ನು ಮಸುಕು ಮಾಡಿಕೊಳ್ಳಬೇಕು. ಮೂಲ ಅಂಕಿಗೂ ಮಸುಕಾದ ಅಂಕಿಗೂ ಇರುವ ವ್ಯತ್ಯಾಸವನ್ನು ಮೂಲಕ್ಕೆ ಮತ್ತೆ ಕೂಡಿಸಿ ನೋಡಿ. ನಮ್ಮ ಸಾಲು 50, 50, 0, 250, 200, 200 ಆಗುತ್ತದೆ. ಗೆರೆಯ ಕತ್ತಲ ಬದಿ ಇನ್ನಷ್ಟು ಕಪ್ಪಾಯಿತು, ಬೆಳಕಿನ ಬದಿ ಇನ್ನಷ್ಟು ಬೆಳ್ಳಗಾಯಿತು. ಕಣ್ಣು ಇದನ್ನು ಸ್ಫುಟತೆ ಎಂದು ಭ್ರಮಿಸುತ್ತದೆ. ಹೊಸದಾಗಿ ಒಂದು ವಿವರವೂ ಬಂದಿಲ್ಲ. ಅತಿಯಾಗಿ ತಿದ್ದಿದ ಫೋಟೋಗಳಲ್ಲಿ ತಲೆಯ ಸುತ್ತ ದೇವರ ಪಟದ ಪ್ರಭಾವಳಿಯಂತೆ ಕಾಣುವ ಬಿಳಿ ಅಂಚು ಈ ಲೆಕ್ಕದ ಉಳಿಕೆ. ಈ ಉಪಾಯವೂ ಕಂಪ್ಯೂಟರಿನದಲ್ಲ. ನೆಗೆಟಿವ್‌ಗೆ ಅದರದೇ ಮಸುಕು ಪಾಸಿಟಿವ್ ಪ್ರತಿಯನ್ನು ಜೋಡಿಸಿ ಪ್ರಿಂಟ್ ಹಾಕುವುದನ್ನು ಕತ್ತಲೆ ಕೋಣೆಯವರು ಹಿಂದೆಯೇ ಕಲಿತಿದ್ದರು. ಅನ್‌ಶಾರ್ಪ್ ಮಾಸ್ಕ್ ಎಂಬ ಅದರ ಹೆಸರೇ ತಂತ್ರಾಂಶದ ಪಟ್ಟಿಯಲ್ಲಿ ಉಳಿದುಬಂದಿದೆ.

ಮೊಡವೆ ಅಳಿಸುವ ಲೆಕ್ಕ ಇನ್ನೂ ಸರಳ. 120, 122, 30, 121, 123 ಎಂಬ ಸಾಲಿನಲ್ಲಿ 30 ಎಂಬುದು ಕೆನ್ನೆಯ ಮೇಲಿನ ಕಪ್ಪು ಚುಕ್ಕೆ. ಐದನ್ನೂ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವಿನ ಅಂಕಿಯನ್ನು ಆರಿಸಿದರೆ 121 ಸಿಗುತ್ತದೆ. ಅದನ್ನು 30ರ ಜಾಗದಲ್ಲಿ ಬರೆದರೆ ಚುಕ್ಕೆ ಇದ್ದ ಕುರುಹೂ ಇಲ್ಲ. ಮೊಡವೆ ಯಾವುದು, ಹುಟ್ಟುಮಚ್ಚೆ ಯಾವುದು ಎಂಬ ಭೇದ ಈ ಲೆಕ್ಕಕ್ಕೆ ತಿಳಿಯದು; ನೆರೆಯವರಂತೆ ಇಲ್ಲದವನು ಅದರ ಪಾಲಿಗೆ ದೋಷ. 1998ರಲ್ಲಿ ತೊಮಾಸಿ ಮತ್ತು ಮಂದುಚಿ ಎಂಬಿಬ್ಬರು ಪ್ರಕಟಿಸಿದ ಬೈಲ್ಯಾಟರಲ್ ವಿಧಾನ ಇನ್ನೂ ಜಾಣತನದ್ದು. ತನ್ನ ಅಂಕಿಗೆ ಹತ್ತಿರವಿರುವ ನೆರೆಯವರ ಮಾತನ್ನಷ್ಟೇ ಅದು ಕಿವಿಗೆ ಹಾಕಿಕೊಳ್ಳುತ್ತದೆ. ಆದ್ದರಿಂದ ಕೆನ್ನೆ ನುಣುಪಾಗುತ್ತದೆ, ಹುಬ್ಬು ತುಟಿಗಳ ಅಂಚು ಮಾತ್ರ ಹಾಗೆಯೇ ಉಳಿಯುತ್ತದೆ. ಮೇಣದ ಗೊಂಬೆಯಂಥ ಮುಖಗಳ ಗುಟ್ಟು ಈ ಬಗೆಯ ಲೆಕ್ಕಗಳಲ್ಲಿದೆ.

ಪ್ರಯೋಗಶಾಲೆಯ ಈ ಸರಕನ್ನು ಮನೆಮನೆಗೆ ತಂದವರಲ್ಲಿ ಮುಖ್ಯರು ಥಾಮಸ್ ಮತ್ತು ಜಾನ್ ನೋಲ್ ಎಂಬ ಅಮೆರಿಕದ ಅಣ್ಣತಮ್ಮಂದಿರು. ತಂದೆಗೆ ಫೋಟೋ ಹುಚ್ಚು. ಮನೆಯ ನೆಲಮಾಳಿಗೆಯಲ್ಲಿ ಕತ್ತಲೆ ಕೋಣೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಥಾಮಸ್ 1987ರಲ್ಲಿ ಕಪ್ಪು ಬಿಳುಪು ಮಾತ್ರ ತೋರುವ ಪರದೆಯಲ್ಲಿ ಬೂದು ಛಾಯೆ ಮೂಡಿಸಲು ಪುಟ್ಟ ತಂತ್ರಾಂಶ ಬರೆದರು. ಸಿನಿಮಾ ಟ್ರಿಕ್ ದೃಶ್ಯಗಳ ಸಂಸ್ಥೆಯಲ್ಲಿದ್ದ ಜಾನ್ ಅದರ ಬೆಲೆ ಗುರುತಿಸಿದರು. 1990ರ ಫೆಬ್ರುವರಿಯಲ್ಲಿ ಅಡೋಬಿ ಸಂಸ್ಥೆ ಅದನ್ನು ಫೋಟೋಶಾಪ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅದರಲ್ಲಿ ಚಿತ್ರದ ಒಂದು ಭಾಗವನ್ನು ತಿಳಿಯಾಗಿಸುವ ಸಾಧನದ ಗುರುತು ಕಡ್ಡಿಯ ತುದಿಗೆ ಸಿಕ್ಕಿಸಿದ ಬಿಲ್ಲೆ. ಕಪ್ಪಾಗಿಸುವುದರ ಗುರುತು ಮಡಚಿ ಹಿಡಿದ ಕೈ. ಎರಡೂ ಕತ್ತಲೆ ಕೋಣೆಯವನು ಬೆಳಕಿಗೆ ಅಡ್ಡ ಹಿಡಿಯುತ್ತಿದ್ದವು. 2010ರ ಅಕ್ಟೋಬರಿನಲ್ಲಿ ಬಂದ ಇನ್‌ಸ್ಟಾಗ್ರಾಮ್ ಇನ್ನೂ ಒಂದು ಹೆಜ್ಜೆ ಹೋಗಿ, ಹಳೆಯ ಕಾಲದ ತಪ್ಪುಗಳನ್ನೇ ಶೃಂಗಾರವಾಗಿ ಹಂಚಿತು. ಸ್ಲೈಡ್ ಫಿಲ್ಮನ್ನು ನೆಗೆಟಿವ್ ರಾಸಾಯನಿಕದಲ್ಲಿ ಅದ್ದಿದರೆ ಬಣ್ಣ ಅಡ್ಡಾದಿಡ್ಡಿಯಾಗುತ್ತಿತ್ತಲ್ಲ, ಆ ಎಡವಟ್ಟಿನ ಅನುಕರಣೆಗೆ ಅಲ್ಲಿ ಎಕ್ಸ್-ಪ್ರೊ ಎಂದು ಹೆಸರು. ಕಂದು ಬಣ್ಣದ ಸೆಪಿಯಾ ಕೂಡ ಹಾಗೆಯೇ. ನಿಜವಾದ ಸೆಪಿಯಾದಲ್ಲಿ ಬೆಳ್ಳಿಯು ಬೆಳ್ಳಿಯ ಸಲ್ಫೈಡ್ ಆಗಿ ಚಿತ್ರದ ಆಯುಷ್ಯ ಹೆಚ್ಚುತ್ತಿತ್ತು. ತಂತ್ರಾಂಶದ ಸೆಪಿಯಾ ಬರೀ ವೇಷ.

ಚಲನಚಿತ್ರಕ್ಕೆ ಬಂದರೆ ಲೆಕ್ಕ ದೊಡ್ಡದಾಗುತ್ತದೆ. ಸೆಕೆಂಡಿಗೆ 24 ಚಿತ್ರದಂತೆ ಎರಡೂವರೆ ಗಂಟೆಯ ಸಿನಿಮಾದಲ್ಲಿ 2,16,000 ಚಿತ್ರಗಳು. ಒಂದೊಂದನ್ನೂ ಬೇರೆ ಬೇರೆಯಾಗಿ ಸೋಸಿದರೆ ಪರದೆ ಮಿಣಮಿಣ ಮಿನುಗೀತು. ಆದಕಾರಣ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನೂ ನೆರೆಯವರೆಂದು ಎಣಿಸಬೇಕು. 2000ದಲ್ಲಿ ತೆರೆಕಂಡ 'ಓ ಬ್ರದರ್, ವೇರ್ ಆರ್ಟ್ ದೌ?' ಚಿತ್ರವನ್ನು ಮಿಸಿಸಿಪ್ಪಿಯ ಹಚ್ಚಹಸಿರು ಬೇಸಗೆಯಲ್ಲಿ ತೆಗೆದಿದ್ದರು. ಕಥೆಗೆ ಬೇಕಾಗಿದ್ದುದು ಒಣಗಿದ ದೂಳಿನ ನಾಡು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇಡೀ ಚಿತ್ರವನ್ನು ಅಂಕಿಗಳಾಗಿಸಿ, ವಾರಗಟ್ಟಲೆ ಕುಳಿತು ಹಸಿರನ್ನೆಲ್ಲ ಒಣಹುಲ್ಲಿನ ಹಳದಿಗೆ ತಿರುಗಿಸಿದರು. ಮುಖವನ್ನು ಕಂಪ್ಯೂಟರ್ ತಾನೇ ಹುಡುಕುವ ಚುರುಕಾದ ವಿಧಾನವೊಂದನ್ನು 2001ರಲ್ಲಿ ವಯೋಲ ಮತ್ತು ಜೋನ್ಸ್ ರೂಪಿಸಿದರು. ಕಣ್ಣಿನ ಪಟ್ಟಿ ಕೆನ್ನೆಯ ಪಟ್ಟಿಗಿಂತ ಕಪ್ಪು ಎಂಬಂಥ ಸಾದಾ ಲಕ್ಷಣಗಳೇ ಅದಕ್ಕೆ ಆಧಾರ. ಚಲಿಸುವ ಮುಖಕ್ಕೆ ಚಲಿಸುತ್ತಲೇ ಬಣ್ಣ ಬಳಿಯುವ ಈಗಿನ ಆಟಗಳಿಗೆ ದಾರಿ ತೆರೆದದ್ದು ಇಂಥ ವಿಧಾನಗಳು.

ನಮ್ಮಲ್ಲಿ ಈ ವಿದ್ಯೆ ಜನರ ಬಾಯಲ್ಲಿ ಸುದ್ದಿಯಾದದ್ದು ರಾಜಕುಮಾರ್ ಅವರ 'ಸತ್ಯ ಹರಿಶ್ಚಂದ್ರ'ದಿಂದ. 1965ರ ಆ ಕಪ್ಪು ಬಿಳುಪು ಚಿತ್ರ 2008ರಲ್ಲಿ ಬಣ್ಣ ತಳೆದು ಬಂತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ. ಇಲ್ಲಿ ಸೋಸುವುದಕ್ಕಿಂತ ಬೆರೆಸುವುದೇ ಹೆಚ್ಚು. ಬೂದು ಅಂಕಿ 120 ಎಂದರೆ ಸೀರೆ ಹಸಿರಿತ್ತೋ ಕೆಂಪಿತ್ತೋ ಎಂದು ಯಾವ ಯಂತ್ರವೂ ಅದೊಂದರಿಂದಲೇ ಹೇಳಲಾರದು. ಯಾರೋ ಕುಳಿತು ತೀರ್ಮಾನಿಸಬೇಕು. ಬಣ್ಣದಿಂದಾಗಿ ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಬಂದರು, ಅದು ಸಂತೋಷವೇ. ಆದರೆ ಸ್ಮಶಾನದ ದೃಶ್ಯಗಳಿಗೆ ಕಪ್ಪು ಬಿಳುಪೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸೀರೆಯ ಬಣ್ಣ ಬದಲಾದರೆ ನಷ್ಟವಿಲ್ಲ. ಮೈಬಣ್ಣದ ವಿಷಯ ಹಾಗಲ್ಲ. 1994ರ ಜೂನ್ 27ರ 'ಟೈಮ್' ಪತ್ರಿಕೆ, ಕೊಲೆ ಆರೋಪ ಹೊತ್ತ ಆಟಗಾರ ಓ. ಜೆ. ಸಿಂಪ್ಸನ್ನರ ಪೊಲೀಸ್ ಭಾವಚಿತ್ರವನ್ನು ಕಪ್ಪಾಗಿಸಿ ಮುಖಪುಟಕ್ಕೆ ಹಾಕಿತು. ಅದೇ ಚಿತ್ರವನ್ನು 'ನ್ಯೂಸ್‌ವೀಕ್' ಇದ್ದ ಹಾಗೆ ಮುದ್ರಿಸಿದ್ದರಿಂದ, ಪತ್ರಿಕೆ ಅಂಗಡಿಯ ಮುಂದೆ ನಿಂತವರಿಗೆ ವ್ಯತ್ಯಾಸ ತಾನಾಗಿಯೇ ಕಂಡಿತು. ಕಪ್ಪು ಜನಾಂಗದವನನ್ನು ಇನ್ನಷ್ಟು ಕಪ್ಪಾಗಿಸಿದರೆ ಅಪರಾಧಿಯಂತೆ ಕಾಣುತ್ತಾನೆ ಎಂಬ ಊಹೆ ಅಲ್ಲಿ ಕೆಲಸ ಮಾಡಿದೆ ಎಂದು ಜನ ಸಿಟ್ಟಾದರು. ಸಂಪಾದಕರು ಸಮಜಾಯಿಷಿ ಕೊಡಬೇಕಾಯಿತು. 2017ರಲ್ಲಿ ಫೇಸ್‌ಆ್ಯಪ್ ಎಂಬ ತಂತ್ರಾಂಶದ ಮುಖ ಅಂದಗೊಳಿಸುವ ಫಿಲ್ಟರ್ ಕಪ್ಪು ಮುಖಗಳನ್ನು ಬಿಳುಪಾಗಿಸಿದ್ದು ಬಯಲಾಯಿತು. ತಂತ್ರಾಂಶಕ್ಕೆ ಪಾಠ ಹೇಳಲು ಬಳಸಿದ ಚಿತ್ರಗಳಲ್ಲೇ ಪಕ್ಷಪಾತವಿತ್ತೆಂದು ಸಂಸ್ಥೆ ಒಪ್ಪಿ ಕ್ಷಮೆ ಕೇಳಿತು. ಕಂಪ್ಯೂಟರಿಗೆ ಮೊದಲೂ ಇದು ಇತ್ತು. ಬಣ್ಣದ ಪ್ರಿಂಟುಗಳ ಹದ ನೋಡಲು ಕೊಡಾಕ್ ಸಂಸ್ಥೆ ಲ್ಯಾಬುಗಳಿಗೆ ಕೊಡುತ್ತಿದ್ದ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಬಿಳಿಯ ಹೆಣ್ಣುಮಕ್ಕಳೇ ಇದ್ದರು. ಅವರ ಚರ್ಮ ಸರಿಯಾಗಿ ಬಂದರೆ ಪ್ರಿಂಟ್ ಸರಿ ಎಂದರ್ಥ.

ಫ್ರಾನ್ಸಿನಲ್ಲಿ 2017ರಿಂದ ಜಾಹೀರಾತಿನ ರೂಪದರ್ಶಿಯ ಮೈಕಟ್ಟನ್ನು ತಿದ್ದಿದ್ದರೆ ಹಾಗೆಂದು ಚಿತ್ರದ ಜೊತೆಯಲ್ಲೇ ಬರೆಯಬೇಕು. ನಾರ್ವೆಯಲ್ಲೂ 2022ರಿಂದ ಅಂಥದೇ ಕಾನೂನಿದೆ, ಚರ್ಮದ ತಿದ್ದುಪಡಿಯೂ ಅದರ ಲೆಕ್ಕಕ್ಕೆ ಬರುತ್ತದೆ. ಮನೆಯ ಆಲ್ಬಮ್ಮಿಗೆ ಅಂಥ ಕಾನೂನು ಬೇಕಿಲ್ಲ, ಒಂದು ಎಚ್ಚರ ಸಾಕು. ಸ್ಟುಡಿಯೊದ ಪೆನ್ಸಿಲ್ ಗುರುತು ನೆಗೆಟಿವ್‌ನ ಮೇಲಿನ ಅರಗಿನ ಪದರದಲ್ಲಿರುತ್ತಿತ್ತು. ಒಳಗಿನ ಮುಖ ಹಾಗೆಯೇ ಇರುತ್ತಿತ್ತು. ಅಂಕಿಗಳ ಲೆಕ್ಕ ಹಾಗಲ್ಲ. 30ರ ಜಾಗದಲ್ಲಿ 121 ಬರೆದು ಉಳಿಸಿಬಿಟ್ಟರೆ ಅಲ್ಲಿ 30 ಇತ್ತೆಂಬುದಕ್ಕೆ ಸಾಕ್ಷಿಯಿಲ್ಲ. ಒಳ್ಳೆಯ ತಂತ್ರಾಂಶಗಳು ಮೂಲವನ್ನು ಮುಟ್ಟದೆ ತಿದ್ದುಪಡಿಯನ್ನು ಬೇರೆ ಪದರದಲ್ಲಿ ಇಡುತ್ತವೆ. ಕೆಲವು ಫೋನುಗಳು ಚಿತ್ರ ಉಳಿಸುವ ಮೊದಲೇ ಮುಖ ನುಣುಪಾಗಿಸಿರುತ್ತವೆ, ಅದನ್ನು ಹುಡುಕಿ ಆರಿಸಬೇಕು. ಅಜ್ಜಿಯ ಹಳೆಯ ಫೋಟೋವನ್ನು ಸ್ಕ್ಯಾನ್ ಮಾಡಿಸಿ ಬಣ್ಣ ತುಂಬಿಸುವವರು, ಗೀರು ಕಲೆಗಳಿರುವ ಮೊದಲ ಸ್ಕ್ಯಾನಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟುಕೊಳ್ಳಲಿ. ಆಕೆಯ ಗಲ್ಲದ ಮೇಲಿನ ಕಪ್ಪು ಚುಕ್ಕೆ ದೂಳೋ ಮಚ್ಚೆಯೋ ಎಂದು ಮುಂದೆ ಯಾರಾದರೂ ಕೇಳಿದಾಗ ತೆಗೆದು ನೋಡಲು ಉಳಿಯುವುದು ಅದೊಂದೇ.