ಒಂದೇ ಅಡುಗೆಮನೆ, ಒಂದೇ ಮಾತ್ರೆ, ಎರಡು ಮೈ

ಅಮ್ಮ ಮತ್ತು ದೊಡ್ಡಮ್ಮ ಓರಗಿತ್ತಿಯರು. ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದವರು, ಒಂದೇ ಪಾತ್ರೆಯ ಸಾರು, ಮುದ್ದೆ ಉಂಡವರು. ಸಕ್ಕರೆ ಕಾಯಿಲೆಯೂ ಇಬ್ಬರಿಗೆ ಒಂದೆರಡು ವರ್ಷದ ಅಂತರದಲ್ಲೇ ಬಂತು. ಡಾಕ್ಟರು ಇಬ್ಬರಿಗೂ ಬರೆದದ್ದು ಮೆಟ್‌ಫಾರ್ಮಿನ್, 500 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ದೊಡ್ಡಮ್ಮ ಮಾತ್ರೆ ನುಂಗಿ ತಮ್ಮ ಪಾಡಿಗೆ ತೋಟಕ್ಕೆ ಹೋಗುತ್ತಿದ್ದರು. ಅಮ್ಮನಿಗೆ ನಾಲ್ಕನೇ ದಿನಕ್ಕೆ ಹೊಟ್ಟೆ ತೊಳಸು, ಭೇದಿ. ಮದುವೆಮನೆಗೆ ಹೋಗಲೂ ಹಿಂಜರಿಕೆ.

“ನಾನೂ ಅದೇ ಮಾತ್ರೆ ನುಂಗ್ತೀನಲ್ಲೇ, ನನಗೇನಾಗಿದೆ? ಎಲ್ಲಾ ನಿನ್ನ ಮನಸ್ಸಿಂದು” ಎಂದು ದೊಡ್ಡಮ್ಮ ಗದರಿದರು. “ಇರಬಹುದಕ್ಕಾ” ಎಂದು ಅಮ್ಮ ಸುಮ್ಮನಾದರು, ಆಮೇಲೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಮೂರು ತಿಂಗಳು ಕಳೆದು ಶುಗರ್ 300 ದಾಟಿದಾಗಲೇ ಮನೆಯವರಿಗೆ ಗೊತ್ತಾದದ್ದು. ಆ ಮೂರು ತಿಂಗಳ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

“ಒಬ್ಬರಿಗೆ ಒಗ್ಗಿದ ಮಾತ್ರೆ ಎಲ್ಲರಿಗೂ ಒಗ್ಗುತ್ತದೆ”

ಒಗ್ಗಬೇಕಾಗಿಲ್ಲ. ಸೋದರಿಕೆಯ ಸಂಬಂಧವಿಲ್ಲದಿದ್ದರೆ ಓರಗಿತ್ತಿಯರು ಒಂದೇ ಮನೆಗೆ ಬಂದ ಎರಡು ತವರಿನ ರಕ್ತ. ಊಟ ಒಂದೇ ಆದರೂ ವಂಶವಾಹಿಗಳು ಬೇರೆ.

ಮೆಟ್‌ಫಾರ್ಮಿನ್‌ಗೆ ಜೀವಕೋಶದ ಪೊರೆಯನ್ನು ತಾನಾಗಿ ಸಲೀಸಾಗಿ ದಾಟಲು ಬಾರದು. ಹೊತ್ತು ಒಳಗೆ ಇಳಿಸುವ ಹಮಾಲರು ಬೇಕು. ಕರುಳಿನಲ್ಲೂ ಯಕೃತ್ತಿನಲ್ಲೂ ಈ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಒಂದರ ಹೆಸರು ಒಸಿಟಿ1. ಅದನ್ನು ರೂಪಿಸುವ ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಕೆಲವರಿಗೆ ಎರಡೂ ಪ್ರತಿಗಳು ದುರ್ಬಲವಾಗಿರುತ್ತವೆ. ಸ್ಕಾಟ್ಲೆಂಡಿನ ಟೇಸೈಡ್ ಪ್ರಾಂತ್ಯದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಥವರಲ್ಲಿ ಹೊಟ್ಟೆ ಕೆಟ್ಟು ಮೆಟ್‌ಫಾರ್ಮಿನ್ ಬಿಡುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಎಂದು ತೋರಿಸಿತು. ಒಸಿಟಿ1ರ ಕೆಲಸಕ್ಕೆ ಅಡ್ಡಬರುವ ಬೇರೆ ಔಷಧಿಯನ್ನೂ ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ಅದು ನಾಲ್ಕು ಪಟ್ಟು ದಾಟುತ್ತಿತ್ತು. ಆ ಅಡ್ಡಬರುವ ಔಷಧಿಗಳಲ್ಲಿ ನಾವು ‘ಗ್ಯಾಸ್ ಮಾತ್ರೆ’ ಎನ್ನುವ ಒಮೆಪ್ರಜೋಲ್ ಗುಂಪಿನವೂ ಇವೆ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ನುಂಗುವ ಮಾತ್ರೆ ಅದು. ಹೊಟ್ಟೆ ಸರಿಯಿಲ್ಲ ಎಂದು ಅದನ್ನು ಶುರುಮಾಡಿದವರು ಡಾಕ್ಟರಿಗೆ ಹೇಳುವುದು ಮರೆಯಬಾರದು.

ಅಮ್ಮನ ವಂಶವಾಹಿಯನ್ನು ಯಾರೂ ಪರೀಕ್ಷಿಸಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಬರೆದುಕೊಟ್ಟು, ಕಡಿಮೆ ಡೋಸಿನಿಂದ ಆರಂಭಿಸಿ, ಊಟದ ಜೊತೆ ತೆಗೆದುಕೊಳ್ಳಿ ಎಂದದ್ದಕ್ಕೇ ತೊಂದರೆ ನಿಂತಿತು. ಅದು ‘ಮನಸ್ಸಿಂದು’ ಆಗಿರಲಿಲ್ಲ.

ಇನ್ನೊಂದು ಸಂಗತಿ. ಯಕೃತ್ತಿನೊಳಗೆ ಹೋಗುವ ಔಷಧಿ ಕಡಿಮೆಯಾದರೆ ಸಕ್ಕರೆ ಇಳಿಯುವುದೂ ಕಡಿಮೆಯಾಗಬೇಕು ಎನ್ನುವುದು ಸಹಜ ತರ್ಕ. 2007ರಲ್ಲಿ ಇಲಿಗಳ ಮೇಲೆ, ಕೆಲವೇ ಆರೋಗ್ಯವಂತರ ಮೇಲೆ ನಡೆದ ಪ್ರಯೋಗವೂ ಹಾಗೆಯೇ ಹೇಳಿತು. ಆದರೆ ಅದೇ ಟೇಸೈಡಿನ 1,500ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಹೊಟ್ಟೆಗೆ ಒಗ್ಗದ ಮಾತ್ರೆ ಸಕ್ಕರೆಗೂ ನಾಟುವುದಿಲ್ಲ ಎಂದುಕೊಳ್ಳಲು ಆಧಾರವಿಲ್ಲ.

“ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುತ್ತದೆ”

ಇಲ್ಲ. ಮೈಯೊಳಗೆ ರೂಪ ಬದಲಿಸದೆ ಮೂತ್ರದಲ್ಲಿ ಹೊರಹೋಗುವ ಔಷಧಿ ಇದು. ಕಿಡ್ನಿ ಮೊದಲೇ ಸೋತಿದ್ದರೆ ಹೊರಹೋಗಲಾರದೆ ರಕ್ತದಲ್ಲಿ ಉಳಿದುಬಿಡುತ್ತದೆ ಎಂಬ ಕಾರಣಕ್ಕೆ ಡಾಕ್ಟರು ಡೋಸ್ ಇಳಿಸುತ್ತಾರೆ, ಕಿಡ್ನಿ ಸೋಸುವ ಪ್ರಮಾಣ 30ಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತಾರೆ. ಕಿಡ್ನಿ ಕೆಡಿಸುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ಬಿ.ಪಿ.

“ನಿನ್ನ ಮಾತ್ರೆ ಖಾಲಿಯಾದರೆ ನನ್ನದು ತಗೋ”

ಪ್ರೀತಿಯಿಂದ ಹೇಳುವ ಮಾತು, ಆದರೆ ಬಹಳ ಅಪಾಯದ್ದು. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಸಲ್ಫೊನಿಲ್‌ಯೂರಿಯಾ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಕೆಲಸ ಮುಗಿದ ಮೇಲೆ ಅವನ್ನು ಒಡೆದು ಹಾಕುವುದು ಯಕೃತ್ತಿನ ಸಿವೈಪಿ2ಸಿ9 ಎಂಬ ಕಿಣ್ವ. ಈ ಕಿಣ್ವ ಹುಟ್ಟಿನಿಂದಲೇ ನಿಧಾನವಾಗಿರುವವರಿದ್ದಾರೆ. ಅದನ್ನು ಬಹಳ ನಿಧಾನಗೊಳಿಸುವ ರೂಪ ದಕ್ಷಿಣ ಭಾರತೀಯರಲ್ಲಿ ಅಪರೂಪವೇನಲ್ಲ. ಅಂಥವರ ರಕ್ತದಲ್ಲಿ ಔಷಧಿ ಹೆಚ್ಚು ಹೊತ್ತು ಉಳಿಯುತ್ತದೆ. 2010ರಲ್ಲಿ ಪ್ರಕಟವಾದ ಟೇಸೈಡಿನ ಇನ್ನೊಂದು ಅಧ್ಯಯನದಲ್ಲಿ, ಎರಡೂ ಪ್ರತಿಗಳು ನಿಧಾನವಾಗಿದ್ದವರು ಸಕ್ಕರೆಯ ಗುರಿ ಮುಟ್ಟುವ ಸಾಧ್ಯತೆ ಎರಡೂ ಪ್ರತಿಗಳು ಸರಿಯಿದ್ದವರಿಗಿಂತ 3.4 ಪಟ್ಟು ಇತ್ತು.

ಕೇಳಲು ಒಳ್ಳೆಯ ಸುದ್ದಿ. ಆದರೆ ಅದೇ ಮನುಷ್ಯ ಏಕಾದಶಿಯ ಉಪವಾಸದ ದಿನ, ಬೇರೆಯವರ ಪಟ್ಟಿಯಿಂದ ದೊಡ್ಡ ಡೋಸಿನ ಮಾತ್ರೆ ಕಿತ್ತು ನುಂಗಿದನೆಂದು ಇಟ್ಟುಕೊಳ್ಳಿ. ಬೆವರು, ನಡುಕ, ಕಣ್ಣು ಮಂಜು, ಕೊನೆಗೆ ಪ್ರಜ್ಞೆ ತಪ್ಪುವುದು. ಲೋ ಶುಗರ್ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಕುತ್ತು ತರಬಲ್ಲದು. ಪಕ್ಕದ ಮನೆಯವರು ದಿನವೂ ಅದನ್ನೇ ನುಂಗಿ ಗಟ್ಟಿಮುಟ್ಟಾಗಿದ್ದಾರೆ ಎಂಬುದು ಇವರಿಗೆ ರಕ್ಷಣೆಯಲ್ಲ.

“ಹಾಗಾದರೆ ಡಿಎನ್‌ಎ ಟೆಸ್ಟ್ ಮಾಡಿಸಿ ಸರಿಯಾದ ಮಾತ್ರೆ ಆರಿಸಿಕೊಳ್ಳೋಣ”

ಇಷ್ಟು ಓದಿದವರಿಗೆ ಹೀಗೆ ಅನ್ನಿಸುವುದು ಸಹಜ. ಸಾಮಾನ್ಯ ಟೈಪ್ 2 ಕಾಯಿಲೆಯವರು ಇದಕ್ಕಾಗಿ ಸಾವಿರಗಟ್ಟಲೆ ರೂಪಾಯಿ ಸುರಿಯುವುದು ಈಗ ಬೇಡ ಎಂದೇ ನನ್ನ ಅಭಿಪ್ರಾಯ. ಕಾರಣ ಅಂಕಿಯಲ್ಲೇ ಇದೆ. 2016ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದಾಗ, ಗ್ಲೂಕೋಸ್ ಸಾಗಿಸುವ ಪ್ರೋಟೀನಿನ ವಂಶವಾಹಿಯೊಂದರ ಒಂದು ರೂಪವನ್ನು ಎರಡೂ ಪ್ರತಿಗಳಲ್ಲಿ ಹೊತ್ತವರಿಗೆ ಮೆಟ್‌ಫಾರ್ಮಿನ್ ಹೆಚ್ಚು ನಾಟುವುದು ಕಂಡುಬಂತು. ಎಷ್ಟು ಹೆಚ್ಚು? ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯಲ್ಲಿ 0.17 ಅಂಶ. ಬೊಜ್ಜಿನವರಲ್ಲಿ 0.33. ವಾರದಲ್ಲಿ ಎರಡು ದಿನ ಮಾತ್ರೆ ತಪ್ಪಿಸುವವರು ಅದನ್ನು ಸರಿಪಡಿಸಿಕೊಂಡರೆ ಸಿಗುವ ಲಾಭದ ಮುಂದೆ ಇದು ಸಣ್ಣದು. ಇಂಥ ಅಧ್ಯಯನಗಳಲ್ಲಿ ಬಹುಪಾಲು ನಡೆದಿರುವುದು ಯುರೋಪ್ ಮೂಲದವರ ಮೇಲೆ ಎಂಬುದನ್ನೂ ಮರೆಯುವಂತಿಲ್ಲ.

ರಕ್ತಕ್ಕೆ ಸಂಬಂಧಿಸಿದ ಕೆಲವು ವಂಶವಾಹಿಗಳು ಮಾತ್ರ ಇಲ್ಲಿ ಗಮನಕ್ಕೆ ಬರಲೇಬೇಕು. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಚಾಮರಾಜನಗರ, ಮೈಸೂರು, ಕೊಡಗಿನ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕಾಣುವ ಕುಡಗೋಲು ಕಣ ಕಾಯಿಲೆ ಇದ್ದರೆ ಆ ಕಣ ಬೇಗ ಸಾಯುತ್ತದೆ, ಸಕ್ಕರೆ ಅಂಟಲು ಹೊತ್ತು ಸಾಲದು. ವರದಿಯಲ್ಲಿ ಅಂಕಿ ಚೆನ್ನಾಗಿದ್ದು ಒಳಗೆ ಸಕ್ಕರೆ ಏರಿಯೇ ಇರಬಹುದು. ಅವರಿಗೆ ಬರಿಹೊಟ್ಟೆಯ ಮತ್ತು ಊಟದ ನಂತರದ ರಕ್ತಪರೀಕ್ಷೆಯೇ ನಂಬಿಕೆಗೆ ಅರ್ಹ.

“ವಂಶದಿಂದ ಬಂದದ್ದು, ಮಾತ್ರೆಗೆ ಬಗ್ಗುವುದಿಲ್ಲ”

ಇದರಷ್ಟು ತಿರುಗುಮುರುಗಾದ ನಂಬಿಕೆ ಇನ್ನೊಂದಿಲ್ಲ. ಒಂದೇ ವಂಶವಾಹಿಯ ದೋಷದಿಂದ ಬರುವ ಕೆಲವು ಬಗೆಯ ಸಕ್ಕರೆ ಕಾಯಿಲೆಗಳೇ ಮಾತ್ರೆಗೆ ಎಲ್ಲಕ್ಕಿಂತ ಚೆನ್ನಾಗಿ ಬಗ್ಗುತ್ತವೆ.

ಅಜ್ಜಿ, ತಂದೆ, ಮಗಳು ಎಂದು ತಲೆಮಾರಿನಿಂದ ತಲೆಮಾರಿಗೆ, ಇಪ್ಪತ್ತೈದರ ಒಳಗೇ, ತೆಳ್ಳಗಿನವರಿಗೂ ಬರುವ ಬಗೆಗೆ ಮೋಡಿ ಎಂದು ಹೆಸರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು, ನಮ್ಮ ಮಾಟದ ಮೋಡಿಯಲ್ಲ. ಅದರಲ್ಲಿ ಎಚ್‌ಎನ್‌ಎಫ್1ಎ ಎಂಬ ವಂಶವಾಹಿ ಕೆಟ್ಟವರಿಗೆ 2003ರಲ್ಲಿ ಸಲ್ಫೊನಿಲ್‌ಯೂರಿಯಾ ಗುಂಪಿನ ಗ್ಲಿಕ್ಲಾಜೈಡನ್ನೂ ಮೆಟ್‌ಫಾರ್ಮಿನ್ನನ್ನೂ ಸರದಿಯಂತೆ ಕೊಟ್ಟು ನೋಡಿದರು. ಗ್ಲಿಕ್ಲಾಜೈಡ್ ಐದು ಪಟ್ಟು ಹೆಚ್ಚು ಸಕ್ಕರೆ ಇಳಿಸಿತು. ಸಾಮಾನ್ಯ ಟೈಪ್ 2ರವರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮೋಡಿಯ ಇನ್ನೊಂದು ಬಗೆಯಲ್ಲಿ ಗ್ಲುಕೋಕೈನೇಸ್ ಎಂಬ ಕಿಣ್ವದ ವಂಶವಾಹಿ ಕೆಟ್ಟಿರುತ್ತದೆ. ಬರಿಹೊಟ್ಟೆಯ ಸಕ್ಕರೆ ಜೀವನವಿಡೀ ಸ್ವಲ್ಪ ಮೇಲೆಯೇ ನಿಲ್ಲುತ್ತದೆ, ಗರ್ಭಿಣಿಯಾದಾಗ ಹೊರತು ಸಾಮಾನ್ಯವಾಗಿ ಯಾವ ಔಷಧಿಯೂ ಬೇಕಿಲ್ಲ.

ಹುಟ್ಟಿದ ಆರು ತಿಂಗಳೊಳಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಮಕ್ಕಳ ಕತೆಯಂತೂ ನನ್ನನ್ನು ಬಹಳ ಕಲಕಿದೆ. ಇನ್ಸುಲಿನ್ ತಯಾರಿಸುವ ಜೀವಕೋಶಕ್ಕೆ ಪೊಟ್ಯಾಸಿಯಂ ಹೊರಬಿಡುವ ಬಾಗಿಲುಗಳಿವೆ. ರಕ್ತದಲ್ಲಿ ಸಕ್ಕರೆ ಏರಿದಾಗ ಆ ಬಾಗಿಲು ಮುಚ್ಚಬೇಕು, ಮುಚ್ಚಿದರೆ ಇನ್ಸುಲಿನ್ ಹೊರಡುತ್ತದೆ. ಕೆಸಿಎನ್‌ಜೆ11 ಎಂಬ ವಂಶವಾಹಿ ಕೆಟ್ಟರೆ ಬಾಗಿಲು ತೆರೆದೇ ಇರುತ್ತದೆ. ಇನ್ಸುಲಿನ್ ಒಳಗೇ ಇದೆ, ಹೊರಗೆ ಬರಲಾರದು. 2004ರವರೆಗೆ ಈ ಕಾರಣ ತಿಳಿದಿರಲಿಲ್ಲ, ಇವರಿಗೂ ಟೈಪ್ 1ರವರಂತೆ ದಿನವೂ ಸೂಜಿ. ಆ ಬಾಗಿಲನ್ನು ಎಳೆದು ಮುಚ್ಚುವುದೇ ಸಲ್ಫೊನಿಲ್‌ಯೂರಿಯಾ ಮಾತ್ರೆಯ ಕೆಲಸ. 2006ರ ವರದಿಯಲ್ಲಿ, ಮೂರು ತಿಂಗಳ ಕೂಸಿನಿಂದ 36 ವರ್ಷದವರವರೆಗೆ 49 ಜನರಿಗೆ ವೈದ್ಯರ ಕಣ್ಗಾವಲಿನಲ್ಲಿ ಆ ಮಾತ್ರೆ ಕೊಟ್ಟಿದ್ದರು. 44 ಜನ ಇನ್ಸುಲಿನ್ ಸೂಜಿಯನ್ನು ಪೂರ್ತಿ ಬಿಟ್ಟರು.

ಟೈಪ್ 1ರವರು ಇದನ್ನು ಓದಿ ಇನ್ಸುಲಿನ್ ಬಿಡಬಾರದು. ಅವರಲ್ಲಿ ಆ ಜೀವಕೋಶಗಳೇ ನಾಶವಾಗಿರುತ್ತವೆ, ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಆದರೆ ಆರು ತಿಂಗಳು ತುಂಬುವ ಮುನ್ನ ಕಾಯಿಲೆ ಕಂಡಿದ್ದರೆ ವಂಶವಾಹಿ ಪರೀಕ್ಷೆ ಆಗಲೇಬೇಕು. ಇದಕ್ಕೆ ಕೊಡುವ ರಕ್ತ ಸ್ವಲ್ಪವೇ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಈ ಪರೀಕ್ಷೆಗಳನ್ನು ವರ್ಷಗಳಿಂದ ಮಾಡುತ್ತಿದೆ, ನಿಮ್ಮ ಡಾಕ್ಟರ ಮೂಲಕ ಕೇಳಬಹುದು. ಈಗ ವಯಸ್ಸೆಷ್ಟು ಎಂಬುದು ಮುಖ್ಯವಲ್ಲ. ಮೂವತ್ತು ದಾಟಿದವರು, ನೆನಪಿರುವಾಗಿನಿಂದ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತ ಬಂದವರು ನಿಮ್ಮ ಬಳಗದಲ್ಲಿದ್ದರೆ, ಕಾಯಿಲೆ ಮೊದಲು ಗೊತ್ತಾದಾಗ ಎಷ್ಟು ತಿಂಗಳ ಕೂಸಾಗಿದ್ದರು ಎಂದು ಅವರ ತಾಯಿಯನ್ನು ಇವತ್ತೇ ಕೇಳಿ.